ರೇಷ್ಮೆ ರಿಬ್ಬನ್‌ನಲ್ಲಿ ಮಣಿಸರ ಮಾಡೋದು ಹೇಗೆ

ಮಣಿಸರಕ್ಕೆ ದಾರದ ಬದಲು ರೇಷ್ಮೆ ರಿಬ್ಬನ್ ಹಾಕಿದರೆ ಅದರ ಕಳೆಯೇ ಬೇರೆ. ಆದರೆ ದಾರ ಮಣಿಯೊಳಗೆ ಅಡಗಿರುತ್ತದೆ, ರಿಬ್ಬನ್ ಕಣ್ಣಿಗೆ ಕಾಣಬೇಕು. ಅದಕ್ಕೇ ಮಣಿಗಳನ್ನು ಒತ್ತೊತ್ತಾಗಿ ಪೋಣಿಸಬೇಡಿ, ನಡುನಡುವೆ ಅದು ಅರಳೋಕೆ ಜಾಗ ಬಿಡಿ.

ಮೊದಲು ಮಣಿಯ ತೂತು ನೋಡಿ. ಸಣ್ಣ ಗಾಜಿನ ಮಣಿಗಳಲ್ಲಿ ತೂತು 1 ಮಿ.ಮೀ. ಆಸುಪಾಸು ಇರುತ್ತದೆ, ಅದರಲ್ಲಿ 7 ಮಿ.ಮೀ. ರಿಬ್ಬನ್ ತುರುಕಿದರೆ ಎಳೆ ಕಿತ್ತು ಬರೋದು ಗ್ಯಾರಂಟಿ. ದೊಡ್ಡ ತೂತಿನ ಮಣಿ ತಗೊಳ್ಳಿ, ಇಲ್ಲವೇ 2 ಮಿ.ಮೀ. ರಿಬ್ಬನ್ ಹುಡುಕಿ. ತೂತಿನ ಅಂಚನ್ನೂ ಬೆರಳಿಂದ ಸವರಿ ನೋಡಿ, ಲೋಹದ ಮಣಿ ಮತ್ತು ಕಲ್ಲಿನ ಮಣಿಗಳ ಅಂಚು ಚೂಪಾಗಿದ್ದರೆ ಸ್ವಲ್ಪ ದಿನದಲ್ಲೇ ರೇಷ್ಮೆಯನ್ನು ಕೊಯ್ದುಬಿಡುತ್ತದೆ.

ಪೋಣಿಸೋಕೆ ರಿಬ್ಬನ್ ತುದಿಯನ್ನು ಉದ್ದಕ್ಕೆ ಓರೆಯಾಗಿ ಕತ್ತರಿಸಿ, ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ, ಒಣಗುವ ಮೊದಲು ಹೊಸೆದುಬಿಡಿ. ಒಣಗಿದ ಮೇಲೆ ಅದೇ ಸೂಜಿ. ಇನ್ನೂ ಸಲೀಸು ಬೇಕಂದರೆ ತೆಳು ತಂತಿಯನ್ನು ಮಧ್ಯಕ್ಕೆ ಮಡಚಿ, ಆ ಮಡಿಕೆಯಲ್ಲಿ ರಿಬ್ಬನ್ ಸಿಕ್ಕಿಸಿ ಎಳೆಯಿರಿ. ಎಳೆ ಬಿಡಬಾರದು ಅಂತ ಪಾಲಿಯೆಸ್ಟರ್ ರಿಬ್ಬನ್ನಿಗೆ ಮಾಡುವ ಹಾಗೆ ತುದಿಯನ್ನು ಬೆಂಕಿಗೆ ಹಿಡಿಯಬೇಡಿ. ರೇಷ್ಮೆ ಕರಗಿ ಅಂಟಿಕೊಳ್ಳಲ್ಲ, ಕೂದಲು ಸುಟ್ಟ ವಾಸನೆ ಬಂದು ಕರಕಲಾಗುತ್ತದೆ ಅಷ್ಟೆ.

ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟ ಗಂಟು ಹಾಕೋದು. ಮಣಿಯ ಪಕ್ಕ ಸಡಿಲವಾಗಿ ಒಂದು ಗಂಟು ಹಾಕಿ, ಕುಣಿಕೆಯೊಳಗೆ ದಪ್ಪ ಸೂಜಿ ತೂರಿಸಿ, ಸೂಜಿಯಿಂದಲೇ ಗಂಟನ್ನು ಮಣಿಯ ಮೈಗೆ ತಾಗುವವರೆಗೂ ಮೆಲ್ಲಗೆ ತಳ್ಳಿ, ಆಮೇಲೆ ಸೂಜಿ ತೆಗೆದು ಬಿಗಿ ಮಾಡಿ. ಜೋರಾಗಿ ಜಗ್ಗಬೇಡಿ, ರೇಷ್ಮೆ ಗಂಟು ಸ್ವಲ್ಪ ಉಬ್ಬಿಕೊಂಡಿದ್ದರೇ ಚೆಂದ. ಗಂಟುಗಳು ಉದ್ದವನ್ನು ಸಿಕ್ಕಾಪಟ್ಟೆ ನುಂಗುತ್ತವೆ. ಒಂದು ತುಂಡಿಗೆ ನಾಲ್ಕೈದು ಗಂಟು ಹಾಕಿ ಎಷ್ಟು ಕಮ್ಮಿ ಆಯ್ತು ಅಂತ ಅಳೆದುಕೊಂಡು, ಆ ಲೆಕ್ಕದ ಮೇಲೆ ರಿಬ್ಬನ್ ಕತ್ತರಿಸಿ.

ಭಾರದ ಮಣಿಗಳಿದ್ದರೆ ನನ್ನ ಮಾತು ಕೇಳಿ, ರಿಬ್ಬನ್ ಮೇಲೆ ಪೂರ್ತಿ ಭಾರ ಹಾಕಲೇಬೇಡಿ. ಮಣಿಗಳನ್ನು ಗಟ್ಟಿ ನೈಲಾನ್ ದಾರದಲ್ಲಿ ಪೋಣಿಸಿ, ದಾರದ ಎರಡೂ ತುದಿಗೆ ಸಣ್ಣ ಲೋಹದ ರಿಂಗ್ ಕಟ್ಟಿ, ಆ ರಿಂಗುಗಳಿಗೆ ರಿಬ್ಬನ್ ಗಂಟು ಹಾಕಿ. ಬಟ್ಟೆಯನ್ನು ನೇಯ್ಗೆಗೆ ಓರೆಯಾಗಿ ಕತ್ತರಿಸಿ ಮಾಡಿದ ರಿಬ್ಬನ್ ಅಂತೂ ಭಾರಕ್ಕೆ ಜಗ್ಗಿಕೊಳ್ಳುತ್ತಲೇ ಹೋಗುತ್ತದೆ. ಅದು ಎಳೆ ಬಿಡೋದು ಮಾತ್ರ ಕಡಿಮೆ, ಕುತ್ತಿಗೆ ಹಿಂದೆ ಕಟ್ಟುವ ತುದಿಗೆ ಚೆನ್ನಾಗಿರುತ್ತದೆ.

ಕಟ್ಟೋದು ಬೇಡ, ಕೊಂಡಿಯೇ ಬೇಕು ಅಂದರೆ ಹಲ್ಲಿರುವ ರಿಬ್ಬನ್ ಕ್ಲಿಪ್ ಸಿಗುತ್ತದೆ. ತುದಿಯನ್ನು ಒಮ್ಮೆ ಮಡಚಿ, ಒಂದು ಹನಿ ಅಂಟು ಹಾಕಿ, ಇಕ್ಕಳದಿಂದ ಒತ್ತಿ.

ಗಾಢ ಬಣ್ಣದ ರಿಬ್ಬನ್ ಆದರೆ ಪೋಣಿಸುವ ಮೊದಲೇ ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಬೆವರಿಗೂ ಬಿಡುತ್ತದೆ, ಅದನ್ನು ಕುತ್ತಿಗೆಗೆ ಬಳಸಬೇಡಿ.