ಪ್ರೊಸೆಸರ್ 0.39 ಗಿಗಾಹರ್ಟ್ಸ್‌ನಲ್ಲೇ ನಿಂತಿದೆಯಾ? ಮೊದಲು ಚಾರ್ಜರ್ ನೋಡಿ

ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ನಿಧಾನವಾದರೆ ಬಹಳ ಜನ ಮೊದಲು ಮಾಡುವುದು ವಿಂಡೋಸ್ ಮತ್ತೆ ಹಾಕಿಸುವುದು. ದಯವಿಟ್ಟು ಅವಸರ ಮಾಡಬೇಡಿ. ನನ್ನ ಹತ್ತಿರ ರಿಪೇರಿಗೆ ಬರುವವುಗಳಲ್ಲಿ ಎಷ್ಟೋ ಲ್ಯಾಪ್‌ಟಾಪ್‌ಗಳು ಆಗಲೇ ಫಾರ್ಮ್ಯಾಟ್ ಆಗಿರುತ್ತವೆ. ಫೋಟೋ, ಫೈಲು ಎಲ್ಲ ಹೋಗಿರುತ್ತವೆ, ನಿಧಾನ ಮಾತ್ರ ಹಾಗೇ ಇರುತ್ತದೆ. ನೋಡಿದಾಗ ಸಂಕಟವಾಗುತ್ತದೆ. ಎರಡೇ ಎರಡು ಅಂಕಿ ನೋಡಿದ್ದರೆ ಸಾಕಿತ್ತು: ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡುತ್ತಿದೆ, ಎಷ್ಟು ಬಿಸಿಯಾಗಿದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ. ಡಿಸ್ಕ್ ಸದಾ 100 ಶೇಕಡಾ ತೋರಿಸುತ್ತಿದ್ದರೆ ನಿಮ್ಮ ತೊಂದರೆ ಬೇರೆ, ಅದು ಪ್ರೊಸೆಸರ್‌ದಲ್ಲ. ಡಿಸ್ಕ್ ಸರಿ ಇದ್ದರೆ ಸಿಪಿಯು (ಅಂದರೆ ಪ್ರೊಸೆಸರ್) ಆರಿಸಿ, ಕೆಳಗಿರುವ ‘ಸ್ಪೀಡ್’ ನೋಡಿ. ಸುಮ್ನೆ ಕೂತಿರುವಾಗ ಅದು ಇಳಿದಿರುವುದು ಸಹಜ. ಹಾಗಾಗಿ ಬ್ರೌಸರ್‌ನಲ್ಲಿ ನಾಲ್ಕೈದು ವಿಡಿಯೋ ಒಟ್ಟಿಗೆ ಓಡಿಸಿ ನೋಡಿ. ಆಗಲೂ 0.39 ಅಥವಾ 0.79 ಗಿಗಾಹರ್ಟ್ಸ್ ಬಿಟ್ಟು ಮೇಲೇಳದಿದ್ದರೆ ಯಾರೋ ಅದನ್ನು ಹಿಡಿದು ಕೂರಿಸಿದ್ದಾರೆ ಎಂದೇ ಅರ್ಥ.

ಈ ಅಂಕಿಗಳಿಗೂ ಕಾರಣ ಇದೆ. ಇಂಟೆಲ್ ಪ್ರೊಸೆಸರ್‌ಗಳ ಮೂಲ ಕ್ಲಾಕ್ ಸುಮಾರು 100 ಮೆಗಾಹರ್ಟ್ಸ್. ಅದನ್ನು ಒಂದು ಸಂಖ್ಯೆಯಿಂದ ಗುಣಿಸಿದರೆ ಬರುವುದೇ ವೇಗ. 4ರಿಂದ ಗುಣಿಸಿದರೆ 0.4, 8ರಿಂದ ಗುಣಿಸಿದರೆ 0.8. ಅಂದರೆ ಪ್ರೊಸೆಸರ್ ತನ್ನ ಕನಿಷ್ಠ ವೇಗದಲ್ಲಿ ಸಿಕ್ಕಿಹಾಕಿಕೊಂಡಿದೆ. ಇನ್ನೊಂದು ಸಂಗತಿ ಗಮನದಲ್ಲಿರಲಿ. ಹಲವು ವಿಂಡೋಸ್ ಆವೃತ್ತಿಗಳಲ್ಲಿ ಇಂಥ ಹೊತ್ತಿನಲ್ಲಿ ಬಳಕೆ ಬರೀ 20, 30 ಶೇಕಡಾ ಎಂದು ಕಾಣುತ್ತದೆ, ಯಾಕೆಂದರೆ ಲೆಕ್ಕ ಹಿಡಿಯುವುದು ಬೇಸ್ ಸ್ಪೀಡ್‌ಗೆ, ಅಂದರೆ ಪ್ರೊಸೆಸರ್‌ಗೆ ಕಂಪನಿ ಹೇಳಿರುವ ಮಾಮೂಲಿ ವೇಗಕ್ಕೆ, ಹೋಲಿಸಿ. ಅದನ್ನು ನಂಬಿ ಪ್ರೊಸೆಸರ್ ಆರಾಮಾಗಿದೆ ಅಂದುಕೊಳ್ಳಬೇಡಿ. ಪಾಪ, ಅದು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಓಡುತ್ತಿರುತ್ತದೆ.

ಇನ್ನು ಬಿಸಿ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ, ಸೆನ್ಸರ್ಸ್ ಕಿಟಕಿ ತೆರೆದರೆ ಪ್ರತಿ ಕೋರ್‌ನ ಬಿಸಿ ಕಾಣುತ್ತದೆ. ದಾರಿ ಇಲ್ಲಿ ಎರಡಾಗುತ್ತದೆ. ನಿಧಾನವೂ ಇದೆ, ಬಿಸಿಯೂ 95, 100 ಡಿಗ್ರಿ ಮುಟ್ಟುತ್ತಿದೆ ಎಂದರೆ ಧೂಳು, ಫ್ಯಾನು ಅಥವಾ ಪ್ರೊಸೆಸರ್‌ನ ಬಿಸಿ ಹೊರಗೆ ದಾಟಿಸಲು ಅದರ ಮೇಲೆ ಹಚ್ಚಿರುವ ಪೇಸ್ಟಿನ ವಿಷಯ. ನಿಧಾನ ಇದೆ, ಆದರೆ ಬಿಸಿ 40, 45 ಅಷ್ಟೇ ಎಂದರೆ ಕಥೆಯೇ ಬೇರೆ. ಜನ ಜಾಸ್ತಿ ಎಡವುವುದು ಈ ಎರಡನೆಯದರಲ್ಲೇ.

ಪ್ರೊಸೆಸರ್‌ಗೆ ‘ಪ್ರಾಕ್‌ಹಾಟ್’ ಎಂಬ ಒಂದು ಸಿಗ್ನಲ್ ತಂತಿ ಇದೆ. ತನಗೇ ಬಿಸಿ ಹೆಚ್ಚಾದಾಗ ಪ್ರೊಸೆಸರ್ ಅದನ್ನು ಬಳಸುತ್ತದೆ. ಆದರೆ ಮದರ್‌ಬೋರ್ಡಿನ ಬೇರೆ ಭಾಗಗಳೂ ಅದೇ ತಂತಿಯಿಂದ ‘ನಿಧಾನ ಮಾಡು’ ಎಂದು ಹೇಳಬಹುದು. ಇದಕ್ಕೆ ‘ಬಿ.ಡಿ. ಪ್ರಾಕ್‌ಹಾಟ್’ ಎನ್ನುತ್ತಾರೆ. ಬಿ.ಡಿ. ಅಂದರೆ ಬೈಡೈರೆಕ್ಷನಲ್, ಎರಡೂ ದಿಕ್ಕಿನದು. ರೈಲಿನಲ್ಲಿ ಯಾವ ಬೋಗಿಯಿಂದ ಚೈನ್ ಎಳೆದರೂ ಇಡೀ ಗಾಡಿ ನಿಲ್ಲುತ್ತದಲ್ವಾ, ಹಾಗೆ. ಎಂಜಿನ್‌ಗೆ ಏನೂ ಆಗಿರುವುದಿಲ್ಲ. ಚೈನ್ ಎಳೆದವರು ಯಾರು ಎಂದು ಹುಡುಕಬೇಕು.

ನನ್ನ ಅನುಭವದಲ್ಲಿ ಮೊದಲ ಅನುಮಾನ ಚಾರ್ಜರ್ ಮೇಲೆ. ಕೆಲವು ಬ್ರ್ಯಾಂಡ್‌ಗಳ ದುಂಡು ಪಿನ್ನಿನ ಚಾರ್ಜರ್‌ಗಳಲ್ಲಿ ಮಧ್ಯೆ ಸೂಜಿಯಂಥ ಇನ್ನೊಂದು ಪಿನ್ ಇರುತ್ತದೆ. ಕರೆಂಟ್ ಹರಿಯುವುದು ಅದರಲ್ಲಲ್ಲ. ‘ನಾನು ಇಷ್ಟು ವ್ಯಾಟ್‌ನ ಚಾರ್ಜರ್’ ಎಂದು ಲ್ಯಾಪ್‌ಟಾಪ್‌ಗೆ ತಿಳಿಸುವುದು ಅದರ ಕೆಲಸ. ಅದು ಬಾಗಿದರೆ, ಒಳಗಿನ ತಂತಿ ತುಂಡಾದರೆ, ಚಾರ್ಜರ್ ಯಾವುದೆಂದು ಲ್ಯಾಪ್‌ಟಾಪ್‌ಗೆ ಗೊತ್ತಾಗುವುದಿಲ್ಲ. ಅದು ಅಪಾಯ ಬೇಡವೆಂದು ಪ್ರೊಸೆಸರನ್ನು ಕಟ್ಟಿಹಾಕುತ್ತದೆ. ಪ್ಲಗ್ಗಿನೊಳಗೆ ಟಾರ್ಚ್ ಬಿಟ್ಟು ನೋಡಿ, ಸೂಜಿ ನೆಟ್ಟಗಿದೆಯಾ ಎಂದು. ಬರಿಗಣ್ಣಿಗೆ ಕಾಣದಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಅಂಥ ಒಂದು ಲ್ಯಾಪ್‌ಟಾಪ್‌ಗೆ ಅದೇ ವ್ಯಾಟ್‌ನ ಒಳ್ಳೆಯ ಚಾರ್ಜರ್ ಚುಚ್ಚಿದ ಕೂಡಲೇ ಸ್ಪೀಡ್ 0.39ರಿಂದ ಮೂರರ ಮೇಲೆ ಹಾರಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದನ್ನೂ ಆಗಲೇ ಫಾರ್ಮ್ಯಾಟ್ ಮಾಡಿಸಿದ್ದರು. ಯುಎಸ್‌ಬಿ ಸಿ ಇದ್ದರೂ ಇದೇ ಮಾತು. 65 ವ್ಯಾಟ್ ಕೇಳುವ ಯಂತ್ರಕ್ಕೆ 20 ವ್ಯಾಟ್‌ನ ಮೊಬೈಲ್ ಚಾರ್ಜರ್ ಸಾಲುವುದಿಲ್ಲ.

ಪರೀಕ್ಷೆ ಸುಲಭ. ಚಾರ್ಜರ್ ಕಿತ್ತು ಬರೀ ಬ್ಯಾಟರಿ ಮೇಲೆ ಓಡಿಸಿ. ವೇಗ ಏರಿದರೆ ತಪ್ಪು ಚಾರ್ಜರ್‌ನದು ಅಥವಾ ಚಾರ್ಜಿಂಗ್ ಜಾಕ್‌ನದು. ಬ್ಯಾಟರಿ ಪೂರ್ತಿ ಸತ್ತಿದ್ದರೂ, ತೆಗೆದಿಟ್ಟಿದ್ದರೂ ಹಲವು ಲ್ಯಾಪ್‌ಟಾಪ್‌ಗಳು ವೇಗ ಇಳಿಸುತ್ತವೆ, ಯಾಕೆಂದರೆ ಒಮ್ಮೆಲೇ ಜಾಸ್ತಿ ಕರೆಂಟ್ ಬೇಕಾದಾಗ ಚಾರ್ಜರ್ ಜೊತೆ ಬ್ಯಾಟರಿಯೂ ಕೈ ಜೋಡಿಸಬೇಕು. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ತಳ ಉಬ್ಬಿದ್ದರೆ ಬ್ಯಾಟರಿ ಊದಿರಬಹುದು. ಆಗ ಯಾವ ಪರೀಕ್ಷೆಯೂ ಬೇಡ. ಆಫ್ ಮಾಡಿ, ಚಾರ್ಜ್ ಮಾಡಬೇಡಿ, ಬ್ಯಾಟರಿ ಬದಲಾಯಿಸಿ.

ಚಾರ್ಜರ್, ಬ್ಯಾಟರಿ ಎರಡೂ ಸರಿ ಇದ್ದರೆ ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಹಳೆಯ ತಪ್ಪು ಸಂದೇಶ ಅಳಿಸಿಹೋಗಿ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಹಾಗೆಯೇ ಪವರ್ ಆಪ್ಷನ್ಸ್‌ನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ 100 ಇದೆಯಾ ನೋಡಿ. 99 ಇದ್ದರೂ ಸಾಮಾನ್ಯವಾಗಿ ಟರ್ಬೋ, ಅಂದರೆ ಬೇಸ್ ಸ್ಪೀಡ್‌ಗಿಂತ ಮೇಲೇರುವ ವೇಗ, ನಿಂತುಹೋಗುತ್ತದೆ.

ಬಿಸಿಯಿಂದಲೇ ನಿಧಾನವಾಗಿದ್ದರೆ ಕೆಳಗಿನ ಮುಚ್ಚಳ ಬಿಚ್ಚಬೇಕು. ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿ ತುಂಡಿನಂತೆ ಹೆಪ್ಪುಗಟ್ಟಿರುತ್ತದೆ. ಹೊರಗಿನಿಂದ ಎಷ್ಟು ಊದಿದರೂ ಅದು ಬರುವುದಿಲ್ಲ. ಚಿಮುಟದಿಂದ ಎಳೆದು ತೆಗೆಯಿರಿ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಕಡ್ಡಿಯಿಂದ ಹಿಡಿಯಿರಿ. ಪೇಸ್ಟ್ ಒಣಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ತೆಳುವಾಗಿ ಹಚ್ಚಿ. ಹೀಟ್‌ಸಿಂಕ್ (ಪ್ರೊಸೆಸರ್ ಮೇಲೆ ಕೂರುವ, ಬಿಸಿ ಎಳೆಯುವ ಲೋಹದ ಭಾಗ) ಸ್ಕ್ರೂಗಳ ಪಕ್ಕ 1, 2, 3, 4 ಎಂದು ಬರೆದಿದ್ದರೆ ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಮೊದಲ ಅರ್ಧ ನಿಮಿಷ ಜೋರಾಗಿ ಓಡಿ ಆಮೇಲೆ ವೇಗ ಸ್ವಲ್ಪ ಇಳಿದರೆ ಅದು ದೋಷವಲ್ಲ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚು ಕರೆಂಟ್ ಎಳೆಯಲು ಅಷ್ಟು ಹೊತ್ತು ಮಾತ್ರ ಅವಕಾಶ ಕೊಟ್ಟಿರುತ್ತಾರೆ. ಇದಕ್ಕೆ ದುಡ್ಡು ಸುರಿಯಬೇಡಿ.

ಏನು ಮಾಡಿದರೂ ತಣ್ಣಗೆ 0.39ರಲ್ಲೇ ನಿಂತಿದ್ದರೆ, ಇಂಟೆಲ್ ಪ್ರೊಸೆಸರ್ ಆದಲ್ಲಿ ಥ್ರಾಟಲ್‌ಸ್ಟಾಪ್ ಎಂಬ ಸಾಫ್ಟ್‌ವೇರ್ ಹಾಕಿ. ಅದರ ‘ಲಿಮಿಟ್ಸ್’ ಕಿಟಕಿಯಲ್ಲಿ ಈಗ ತಡೆಯುತ್ತಿರುವ ಕಾರಣ ಕೆಂಪಾಗಿ, ಮೊದಲು ತಡೆದದ್ದು ಹಳದಿಯಾಗಿ ಕಾಣುತ್ತದೆ. ಬಿ.ಡಿ. ಪ್ರಾಕ್‌ಹಾಟ್ ಮುಂದಿನ ಟಿಕ್ ತೆಗೆದರೆ ವೇಗ ಮರಳಿ ಬರಬಹುದು. ಪ್ರೊಸೆಸರ್‌ನ ಸ್ವಂತ ಬಿಸಿಯ ರಕ್ಷಣೆ ಆಗಲೂ ಇರುತ್ತದೆ. ಆದರೆ ಕರೆಂಟ್ ಒದಗಿಸುವ ಸರ್ಕ್ಯೂಟ್ ನಿಜವಾಗಿಯೂ ಬಿಸಿಯಾಗುತ್ತಿದ್ದು ಅದೇ ಚೈನ್ ಎಳೆದಿದ್ದರೆ, ಆ ಎಚ್ಚರಿಕೆಯನ್ನು ನೀವೇ ಬಾಯಿ ಮುಚ್ಚಿಸಿದಂತೆ. ಅರ್ಜೆಂಟ್ ಕೆಲಸ ಮುಗಿಸಿಕೊಳ್ಳಲು ಇದನ್ನು ಬಳಸಿ, ಶಾಶ್ವತ ಪರಿಹಾರ ಅಂದುಕೊಳ್ಳಬೇಡಿ. ಆಮೇಲೆ ಮದರ್‌ಬೋರ್ಡ್ ರಿಪೇರಿ ಮಾಡುವವರ ಹತ್ತಿರ ಒಯ್ಯಿರಿ. ‘ಸ್ಲೋ ಇದೆ’ ಎಂದಷ್ಟೇ ಹೇಳಬೇಡಿ. ವೇಗ ಇಷ್ಟು, ಬಿಸಿ ಇಷ್ಟು, ಬ್ಯಾಟರಿ ಮೇಲೂ ಹೀಗೇ, ಬೇರೆ ಚಾರ್ಜರ್ ಹಾಕಿ ನೋಡಿದ್ದೇನೆ, ಬಿ.ಡಿ. ಪ್ರಾಕ್‌ಹಾಟ್ ಕೆಂಪು ತೋರಿಸುತ್ತಿದೆ ಎಂದು ಬರೆದುಕೊಡಿ. ಅವರು ನೇರವಾಗಿ ಸೆನ್ಸರ್ ಮತ್ತು ಚಾರ್ಜಿಂಗ್ ಸರ್ಕ್ಯೂಟ್‌ನಿಂದಲೇ ಕೆಲಸ ಶುರು ಮಾಡಬಹುದು.