ಹಳೆ ಬಿಟ್‌ಕಾಯಿನ್ ವ್ಯಾಲೆಟ್‌ನ ಬ್ಯಾಕಪ್ ಫೈಲ್: ನಾನು ಬಿಚ್ಚಿ ನೋಡಿದ ಬಗೆ

ನಮ್ಮ ಭಾವ 2014ರಲ್ಲಿ ಸ್ವಲ್ಪ ಬಿಟ್‌ಕಾಯಿನ್ ತೆಗೆದುಕೊಂಡು ಬ್ಲಾಕ್‌ಚೈನ್.ಇನ್ಫೋ ಅನ್ನುವ ಆನ್‌ಲೈನ್ ವ್ಯಾಲೆಟ್‌ನಲ್ಲಿ (ಬಿಟ್‌ಕಾಯಿನ್ ಖರ್ಚು ಮಾಡಲು ಬೇಕಾದ ಗುಪ್ತ ಕೀಲಿಗಳನ್ನು ಇಡುವ ಜಾಗ) ಇಟ್ಟಿದ್ದರು. ಅದೇ ಈಗಿನ ಬ್ಲಾಕ್‌ಚೈನ್.ಕಾಮ್. ಅವರ ಹತ್ತಿರ ವ್ಯಾಲೆಟ್ ವಾಪಸ್ ಪಡೆಯಲು ಡೈರಿಯಲ್ಲಿ ಬರೆದಿಟ್ಟ ಹನ್ನೆರಡು ಇಂಗ್ಲಿಷ್ ಪದ ಇತ್ತು. ಜೊತೆಗೆ ಹಳೆ ಇಮೇಲ್‌ನಲ್ಲಿ, ಲ್ಯಾಪ್‌ಟಾಪಿನಲ್ಲಿ ಅಲ್ಲಲ್ಲಿ ಬಿದ್ದಿದ್ದ 'ವ್ಯಾಲೆಟ್.ಎಇಎಸ್.ಜೇಸನ್' ಅನ್ನುವ ಬ್ಯಾಕಪ್ ಫೈಲುಗಳು. ಹನ್ನೆರಡು ಪದವನ್ನು ಎಲೆಕ್ಟ್ರಮ್ ಅನ್ನುವ ಇನ್ನೊಂದು ವ್ಯಾಲೆಟ್ ಪ್ರೋಗ್ರಾಂಗೆ ಹಾಕಿ, ಬಿಐಪಿ39 (ಪದಗಳಿಂದ ಕೀಲಿ ಹುಟ್ಟಿಸುವ ಪದ್ಧತಿ) ಆಯ್ಕೆ ಒತ್ತಿ, 1ರಿಂದ ಶುರುವಾಗುವ ಹಳೆ ಬಗೆಯ ವಿಳಾಸ, ಹೊಸ ಸೆಗ್‌ವಿಟ್ ವಿಳಾಸ ಎರಡೂ ನೋಡಿದ್ದಾಯಿತು. ಬ್ಯಾಲೆನ್ಸ್ ಸೊನ್ನೆ.

"ಪದ ಎಲ್ಲಾ ಸರಿ ಇದೆ ಮಾರಾಯ, ದುಡ್ಡು ಎಲ್ಲಿಗೆ ಹೋಯ್ತು?" ಅಂದರು ಭಾವ.

"ಎಲ್ಲೂ ಹೋಗಿರಲ್ಲ ಭಾವ, ಆ ಫೈಲ್ ಕೊಡಿ, ಬಿಚ್ಚಿ ನೋಡೋಣ" ಅಂದೆ.

ಈ ಗೊಂದಲ ತುಂಬಾ ಜನಕ್ಕಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹನ್ನೆರಡು ಪದ ಇದ್ದರೆ ಎಲ್ಲಾ ಇದ್ದಂತೆ, ಫೈಲ್ ಸುಮ್ನೆ ಹಳೆ ಕಸ ಅಂತ ಅಳಿಸಿಬಿಡುತ್ತಾರೆ. ಆದರೆ ಆ ವ್ಯಾಲೆಟ್‌ನಲ್ಲಿ ಮೊದಮೊದಲು ಪ್ರತಿ ವಿಳಾಸಕ್ಕೂ ಬೇರೆ ಬೇರೆ ಕೀಲಿ ಹುಟ್ಟುತ್ತಿತ್ತು, ಒಂದಕ್ಕೊಂದು ಸಂಬಂಧವೇ ಇಲ್ಲ. ಹೊಸ ವಿಳಾಸ ಮಾಡಿದಾಗಲೆಲ್ಲ ಹೊಸ ಬ್ಯಾಕಪ್ ತೆಗೆಯಬೇಕಿತ್ತು. ಆಮೇಲೆ ಹನ್ನೆರಡು ಪದದ ಪದ್ಧತಿ ಬಂತು. ಅದರಲ್ಲಿ ಎಲ್ಲಾ ಕೀಲಿಯೂ ಒಂದೇ ಬೀಜದಿಂದ ಬರುತ್ತವೆ. ಅಪ್‌ಗ್ರೇಡ್ ಮಾಡಿದಾಗ ಹಳೆ ವಿಳಾಸಗಳು 'ಇಂಪೋರ್ಟೆಡ್' ಅನ್ನುವ ಪಟ್ಟಿಗೆ ಸೇರಿದವು. ಹನ್ನೆರಡು ಪದ ಅವುಗಳನ್ನು ವಾಪಸ್ ತರುವುದಿಲ್ಲ. ಅವುಗಳ ಕೀಲಿ ಇರುವುದು ವ್ಯಾಲೆಟ್ ಫೈಲಿನಲ್ಲಿ.

ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕಾಣುವುದು ಮೂರೇ ವಿಷಯ: ಪಿಬಿಕೆಡಿಎಫ್2 (ಪಾಸ್‌ವರ್ಡಿನಿಂದ ಕೀಲಿ ಮಾಡುವ ಲೆಕ್ಕ) ಎಷ್ಟು ಸುತ್ತು ಅನ್ನುವ ಸಂಖ್ಯೆ (ನಮ್ಮದರಲ್ಲಿ 5000), ವರ್ಷನ್, ಆಮೇಲೆ 'ಪೇಲೋಡ್' ಅಂತ ಉದ್ದಕ್ಕೆ ಅರ್ಥವಾಗದ ಅಕ್ಷರಗಳ ಸಾಲು. ಇನ್ನೂ ಹಳೆ ಫೈಲಾದರೆ ಆ ಸಾಲು ಬಿಟ್ಟು ಬೇರೇನೂ ಇರುವುದಿಲ್ಲ, ಸುತ್ತೂ 10 ಮಾತ್ರ. ಆ ಸಾಲು ಬೇಸ್64ನಲ್ಲಿ (ಬೈಟುಗಳನ್ನು ಅಕ್ಷರಗಳಾಗಿ ಬರೆಯುವ ರೀತಿ) ಇರುತ್ತದೆ. ಬಿಡಿಸಿದರೆ ಮೊದಲ 16 ಬೈಟ್ ಐವಿ (ಬೀಗ ಹಾಕುವಾಗ ಸೇರಿಸುವ ಆರಂಭದ ಸಂಖ್ಯೆ), ಉಳಿದದ್ದು ಎಇಎಸ್-256 ಅನ್ನುವ ಗೂಢಲಿಪಿಯಿಂದ ಮುಚ್ಚಿದ ಮಾಹಿತಿ. ಪಾಸ್‌ವರ್ಡ್ ತೆಗೆದುಕೊಂಡು, ಅದೇ ಐವಿಯನ್ನು ಸಾಲ್ಟ್ (ಪಾಸ್‌ವರ್ಡಿಗೆ ಬೆರೆಸುವ ಸಂಖ್ಯೆ) ಮಾಡಿ, ಅಷ್ಟು ಸುತ್ತು ಹಾಕಿದರೆ 32 ಬೈಟಿನ ಕೀಲಿ ಸಿಗುತ್ತದೆ. ಅದರಿಂದ ಬೀಗ ತೆಗೆಯಬೇಕು.

ಇದನ್ನು ಮಾಡಲು ಯಾವ ವೆಬ್‌ಸೈಟಿಗೂ ಹೋಗಲಿಲ್ಲ. ಪೆನ್‌ಡ್ರೈವ್‌ನಿಂದ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿ, ಬೇಕಾದ ಪೈಥಾನ್ ಲೈಬ್ರರಿ ಇಳಿಸಿಕೊಂಡು, ಆಮೇಲೆ ವೈಫೈ ಆಫ್ ಮಾಡಿ ಕೂತೆ. ಪೈಥಾನ್‌ನಲ್ಲಿ ಕೆಲವೇ ಸಾಲಿನ ಸ್ಕ್ರಿಪ್ಟ್ ಸಾಕು. ಪಾಸ್‌ವರ್ಡ್ ತಪ್ಪಾದರೆ 'ತಪ್ಪು' ಅಂತ ಯಾರೂ ಹೇಳುವುದಿಲ್ಲ, ಪ್ಯಾಡಿಂಗ್ ಎರರ್ ಬರುತ್ತದೆ ಅಥವಾ ಕಸ ಉದುರುತ್ತದೆ. ಸರಿಯಾದರೆ ಮೊದಲ ಅಕ್ಷರವೇ ಹೂ ಆವರಣ, ಹಿಂದೆಯೇ 'ಗೈಡ್' (ವ್ಯಾಲೆಟ್‌ನ ಗುರುತು ಸಂಖ್ಯೆ), 'ಶೇರ್ಡ್ ಕೀ' ಅಂತ ಸಾಲಾಗಿ ಬರುತ್ತದೆ.

ಇಲ್ಲೊಂದು ವಿಷಯ ಗಟ್ಟಿಯಾಗಿ ಹೇಳಬೇಕು. ಆ ಬ್ಯಾಕಪ್ ತೆಗೆದಿಟ್ಟ ದಿನ ಯಾವ ಪಾಸ್‌ವರ್ಡ್ ಇತ್ತೋ ಅದೇ ಬೇಕು. ಆಮೇಲೆ ಪಾಸ್‌ವರ್ಡ್ ಬದಲಿಸಿದ್ದರೂ ಹಳೆ ಫೈಲ್ ಹಳೆ ಪಾಸ್‌ವರ್ಡಿಗೇ ತೆರೆಯುತ್ತದೆ. ಭಾವ ಈಗಿನದನ್ನು ಕೊಟ್ಟಾಗ ಒಂದೂ ತೆರೆಯಲಿಲ್ಲ, ಆಗಿನ ಕಾಲದ್ದು ನೆನಪು ಮಾಡಿಕೊಂಡು ಹೇಳಿದಾಗ ತೆರೆಯಿತು. ಇದರ ಇನ್ನೊಂದು ಮುಖವೂ ಇದೆ: ಹಳೆ ಪಾಸ್‌ವರ್ಡ್ ಎಲ್ಲಾದರೂ ಸೋರಿದ್ದರೆ, ಹೊಸದು ಎಷ್ಟೇ ಗಟ್ಟಿ ಇದ್ದರೂ ಇಮೇಲ್‌ನಲ್ಲಿರುವ ಆ ಫೈಲ್ ಕಳ್ಳನಿಗೆ ಸಾಕು.

ಒಳಗೆ ಎರಡು ಜಾಗ ನೋಡಬೇಕು. 'ಎಚ್‌ಡಿ ವ್ಯಾಲೆಟ್ಸ್' (ಒಂದೇ ಬೀಜದ ಪದ್ಧತಿಯ ಭಾಗ) ಅನ್ನುವಲ್ಲಿ 'ಸೀಡ್ ಹೆಕ್ಸ್' ಅಂತ, ಅಂದರೆ ಆ ಬೀಜವೇ ಹೆಕ್ಸ್ (ಹದಿನಾರರ ಲೆಕ್ಕದ) ಅಂಕಿಯಲ್ಲಿ, 32 ಅಕ್ಷರ ಇರುತ್ತದೆ. ಅದು 16 ಬೈಟ್, ಅಂದರೆ 128 ಬಿಟ್. ಬಿಐಪಿ39ರ 2048 ಪದದ ಪಟ್ಟಿಯಿಂದ ಅದನ್ನು ಬರೆದರೆ ಸರಿಯಾಗಿ ಹನ್ನೆರಡು ಪದ. ಭಾವನ ಡೈರಿಯ ಪದಗಳ ಜೊತೆ ತಾಳೆ ನೋಡಿದೆ, ಒಂದೂ ಬಿಡದೆ ಹೊಂದಿತು. ಡೈರಿ ಕಳೆದವರಿಗೂ ಇದರಿಂದ ಪದ ವಾಪಸ್ ಸಿಗುತ್ತದೆ.

ಇನ್ನೊಂದು ಜಾಗ 'ಕೀಸ್'. ನಮಗೆ ಬೇಕಾದದ್ದು ಅಲ್ಲೇ ಇತ್ತು. 1ರಿಂದ ಶುರುವಾಗುವ ಒಂದು ವಿಳಾಸ, ಅದರ ಪಕ್ಕದಲ್ಲಿ 'ಪ್ರಿವ್' ಅಂತ ಅದರ ಕೀಲಿ. 'ಪ್ರಿವ್' ಇಲ್ಲದ ವಿಳಾಸಗಳೂ ಇರಬಹುದು. ಅವು ನೋಡುವುದಕ್ಕೆ ಮಾತ್ರ ಸೇರಿಸಿಕೊಂಡವು, ಅವುಗಳಿಂದ ಖರ್ಚು ಮಾಡಲು ಆಗುವುದಿಲ್ಲ.

ಆ 'ಪ್ರಿವ್' ಅನ್ನು ಹಾಗೇ ಎಲೆಕ್ಟ್ರಮ್‌ಗೆ ಹಾಕಿದರೆ ಒಪ್ಪುವುದಿಲ್ಲ. ಕೀಲಿ ಕೆಟ್ಟಿದೆ ಅಂದುಕೊಂಡು ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ಅದು ಕೆಟ್ಟಿಲ್ಲ, ಬರಿ 32 ಬೈಟನ್ನು ಬೇಸ್58ನಲ್ಲಿ (58 ಅಕ್ಷರಗಳಿಂದ ಬರೆಯುವ ರೀತಿ) ಬರೆದಿದ್ದಾರೆ, ಅಷ್ಟೇ. ಬೇರೆ ವ್ಯಾಲೆಟ್‌ಗಳು ಕೇಳುವುದು ಡಬ್ಲ್ಯೂಐಎಫ್ ಅನ್ನುವ ರೂಪ: ಮುಂದೆ 80 ಅನ್ನುವ ಹೆಕ್ಸ್ ಬೈಟ್, ಆ ಕೀಲಿಯ ವಿಳಾಸ ಕಂಪ್ರೆಸ್ಡ್ (ಸಾರ್ವಜನಿಕ ಕೀಲಿಯ ಚಿಕ್ಕ ರೂಪದಿಂದ ಮಾಡಿದ್ದು) ಆದರೆ ಕೊನೆಗೆ 01, ಆಮೇಲೆ ತಪ್ಪು ಹಿಡಿಯಲು ನಾಲ್ಕು ಬೈಟ್ ಚೆಕ್‌ಸಮ್. ಕಂಪ್ರೆಸ್ಡ್ ಹೌದೋ ಅಲ್ಲವೋ ಅಂತ ಫೈಲ್ ಹೇಳುವುದಿಲ್ಲ. ಎರಡೂ ರೀತಿ ಮಾಡಿ ವಿಳಾಸ ಲೆಕ್ಕ ಹಾಕಿದೆ, ಫೈಲಿನಲ್ಲಿ ಬರೆದಿರುವ ವಿಳಾಸಕ್ಕೆ ಯಾವುದು ಹೊಂದಿತೋ ಅದನ್ನು ಇಟ್ಟುಕೊಂಡೆ.

ನಿಮ್ಮ ಫೈಲಿನಲ್ಲಿ 'ಡಬಲ್ ಎನ್‌ಕ್ರಿಪ್ಶನ್' ಎದುರು 'ಟ್ರೂ' ಅಂತ ಇದ್ದರೆ ಕೆಲಸ ಜಾಸ್ತಿ. ಆಗ ಸೀಡ್ ಮತ್ತು ಪ್ರತಿ 'ಪ್ರಿವ್' ಕೂಡ ಎರಡನೇ ಪಾಸ್‌ವರ್ಡಿನಿಂದ ಮುಚ್ಚಿರುತ್ತದೆ. ಮೊದಲು 'ಶೇರ್ಡ್ ಕೀ', ಅದರ ನಂತರ ಎರಡನೇ ಪಾಸ್‌ವರ್ಡ್, ಹೀಗೆ ಎರಡನ್ನೂ ಸೇರಿಸಿ ಬಿಡಿಸಬೇಕು.

ಪಾಸ್‌ವರ್ಡ್ ಮರೆತವರು ದಯವಿಟ್ಟು ಪೂರ್ತಿ ಫೈಲನ್ನು ಯಾರಿಗೂ ಕಳಿಸಬೇಡಿ. ಬಿಟಿಸಿರಿಕವರ್ ಅನ್ನುವ ಉಚಿತ ಪ್ರೋಗ್ರಾಂ ಇದೆ. ನೆನಪಿರುವ ತುಣುಕುಗಳನ್ನು ಕೊಟ್ಟರೆ ನಿಮ್ಮ ಕಂಪ್ಯೂಟರಿನಲ್ಲೇ ಒಂದೊಂದಾಗಿ ಜೋಡಿಸಿ ಹುಡುಕುತ್ತದೆ. ಬೇರೆಯವರ ಸಹಾಯ ಬೇಕೇ ಬೇಕು ಅಂದರೆ, ಫೈಲಿನ ಒಂದು ಚೂರನ್ನು ಮಾತ್ರ ಹೊರತೆಗೆಯುವ ಸ್ಕ್ರಿಪ್ಟ್ ಅದರಲ್ಲೇ ಇದೆ. ಆ ಚೂರಿನಿಂದ ಪಾಸ್‌ವರ್ಡ್ ಹುಡುಕಬಹುದು, ಆದರೆ ಅದರಲ್ಲಿ ಕೀಲಿ ಇರುವುದಿಲ್ಲ. ಹಣ ವಾಪಸ್ ಕೊಡಿಸುತ್ತೇವೆ ಅಂತ ಟೆಲಿಗ್ರಾಂನಲ್ಲಿ ಬಂದು ಹನ್ನೆರಡು ಪದ ಕೇಳುವವರಿಗೆ ಉತ್ತರವನ್ನೇ ಕೊಡಬೇಡಿ.

ಭಾವ ಹೊಸ ವ್ಯಾಲೆಟ್ ಮಾಡಿ, ಅದರ ಪದಗಳನ್ನು ಕಾಗದದಲ್ಲಿ ಬರೆದುಕೊಂಡ ಮೇಲೆ, ಎಲೆಕ್ಟ್ರಮ್‌ನ 'ಸ್ವೀಪ್' ಬಳಸಿ ಹಳೆ ವಿಳಾಸದ ಬಿಟ್‌ಕಾಯಿನ್ ಪೂರ್ತಿ ಅಲ್ಲಿಗೆ ಸಾಗಿಸಿದೆವು. ಹಳೆ ಫೈಲನ್ನು ಮಾತ್ರ ಅಳಿಸಲು ಬಿಡಲಿಲ್ಲ. 2017ರ ಆಗಸ್ಟ್ 1ಕ್ಕೆ ಬಿಟ್‌ಕಾಯಿನ್‌ನಿಂದ ಬಿಟ್‌ಕಾಯಿನ್ ಕ್ಯಾಶ್ ಅನ್ನುವ ಬೇರೆ ನಾಣ್ಯ ಕವಲೊಡೆದಾಗ ಆ ವಿಳಾಸದಲ್ಲಿ ಬಿಟ್‌ಕಾಯಿನ್ ಇತ್ತು, ಹಾಗಾಗಿ ಅಷ್ಟೇ ಸಂಖ್ಯೆಯ ಬಿಟ್‌ಕಾಯಿನ್ ಕ್ಯಾಶ್ ಕೂಡ ಅದೇ ಕೀಲಿಗೆ ಸೇರಿದೆ. ಬಿಟ್‌ಕಾಯಿನ್ ಹೊಸ ಜಾಗಕ್ಕೆ ಹೋಗಿ ಕನ್ಫರ್ಮ್ ಆದಮೇಲಷ್ಟೇ ಆ ಕೀಲಿಯನ್ನು ಬಿಟ್‌ಕಾಯಿನ್ ಕ್ಯಾಶ್ ವ್ಯಾಲೆಟ್‌ಗೆ ಹಾಕಬೇಕು, ಮೊದಲೇ ಹಾಕಬಾರದು. ಆ ಕೆಲಸ ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೇವೆ.