ಡೆಬಿಯನ್ 12: ಬೂಟ್ ವೇಳೆ ಲ್ಯಾನ್ ಫರ್ಮ್‌ವೇರ್ ಸಿಗದಿದ್ದಾಗ ಸರಿಪಡಿಸಿದ್ದು ಹೀಗೆ

ಡೆಬಿಯನ್ (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ) 11ರಿಂದ 12ಕ್ಕೆ ಅಪ್‌ಗ್ರೇಡ್ ಮಾಡಿದ ಯಂತ್ರ. ಬೂಟ್ ಆಗುವಾಗ ರಿಯಲ್‌ಟೆಕ್ ಲ್ಯಾನ್ ಕಾರ್ಡ್ ನಡೆಸುವ ಆರ್8169 ಡ್ರೈವರ್, ‘ಆರ್‌ಟಿಎಲ್8168ಜಿ-2.ಎಫ್‌ಡಬ್ಲ್ಯು’ ಎಂಬ ಫರ್ಮ್‌ವೇರ್ ಕಡತ (ಕಾರ್ಡ್‌ನ ಚಿಪ್‌ಗೆ ತುಂಬುವ ಪುಟ್ಟ ತಂತ್ರಾಂಶ) ಲೋಡ್ ಆಗಲಿಲ್ಲ ಎಂದು ದೂರಿ, ಕೊನೆಗೆ -2 ಎಂದು ತೋರಿಸುತ್ತಿತ್ತು. ಆ -2 ಎಂದರೆ ಕಡತವೇ ಇಲ್ಲ ಎಂದಷ್ಟೇ. ಕಾರ್ಡ್ ಕೆಟ್ಟಿದೆ ಎಂದಲ್ಲ. ಎಷ್ಟೋ ಜನ ಇದನ್ನು ನೋಡಿ ಕೇಬಲ್ ಬದಲಿಸಲು ಹೊರಡುತ್ತಾರೆ.

ಡೆಬಿಯನ್ 12ರಿಂದ (2023) ಫರ್ಮ್‌ವೇರ್ ಪ್ಯಾಕೇಜ್‌ಗಳು ‘ನಾನ್-ಫ್ರೀ’ ಬಿಟ್ಟು ‘ನಾನ್-ಫ್ರೀ-ಫರ್ಮ್‌ವೇರ್’ ವಿಭಾಗಕ್ಕೆ ಹೋಗಿವೆ. ಪ್ಯಾಕೇಜ್‌ಗಳನ್ನು ಎಲ್ಲಿಂದ ತರಬೇಕೆಂದು ಹೇಳುವ ಹಳೆಯ ಸೋರ್ಸಸ್.ಲಿಸ್ಟ್ ಕಡತದಲ್ಲಿ ಆ ಹೆಸರಿಲ್ಲದಿದ್ದರೆ, ಪ್ಯಾಕೇಜ್ ಹಾಕುವ ಆಜ್ಞೆಯಾದ ಆಪ್ಟ್‌ಗೆ ಪ್ಯಾಕೇಜ್ ಕಾಣುವುದೇ ಇಲ್ಲ. ‘ಮೇನ್’ ಪಕ್ಕದಲ್ಲಿ ಅದನ್ನು ಸೇರಿಸಿ, ಆಪ್ಟ್ ಅಪ್‌ಡೇಟ್ ಮಾಡಿ, ‘ಫರ್ಮ್‌ವೇರ್-ರಿಯಲ್‌ಟೆಕ್’ ಹಾಕಿಕೊಂಡರಾಯಿತು. ನೆಟ್ ಇಲ್ಲದೆ ನೆಟ್ ಸರಿಪಡಿಸುವುದು ಹೇಗೆ? ಆಂಡ್ರಾಯ್ಡ್ ಫೋನಿನ ಯುಎಸ್‌ಬಿ ಟೆದರಿಂಗ್ (ಕೇಬಲ್ ಮೂಲಕ ಫೋನಿನ ನೆಟ್ ಹಂಚಿಕೊಳ್ಳುವುದು) ಸಾಕು, ಅದಕ್ಕೆ ಬೇರೆ ಫರ್ಮ್‌ವೇರ್ ಬೇಡ.

ಇಷ್ಟಾದರೂ ದೂರು ನಿಲ್ಲದಿರಬಹುದು. ಡ್ರೈವರ್ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭದಲ್ಲಿ ಮೆಮೊರಿಗೆ ಬರುವ ಪುಟ್ಟ ತಾತ್ಕಾಲಿಕ ಕಡತ ವ್ಯವಸ್ಥೆ) ಒಳಗಿಂದಲೇ ಲೋಡ್ ಆದರೆ, ಆ ಹೊತ್ತಿಗೆ ರೂಟ್ ಡಿಸ್ಕ್ (ಸಿಸ್ಟಂ ಇರುವ ಮುಖ್ಯ ಡಿಸ್ಕ್) ಮೌಂಟ್ ಆಗಿರುವುದಿಲ್ಲ, ಅಂದರೆ ಬಳಕೆಗೆ ತೆರೆದಿರುವುದಿಲ್ಲ. ಡಿಸ್ಕ್‌ನಲ್ಲಿರುವ ಕಡತ ಅದಕ್ಕೆ ಸಿಗದು. ಆದ್ದರಿಂದ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್’ ಓಡಿಸಿ ಅದನ್ನು ಮತ್ತೆ ಕಟ್ಟಿ, ‘ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್’ನಿಂದ ಕಡತ ಒಳಗೆ ಸೇರಿದೆಯೇ ಎಂದು ನೋಡಿ. ಮೊದಲ ಆಜ್ಞೆ ಓಡುವಾಗ ನಿಮ್ಮಲ್ಲಿಲ್ಲದ ಚಿಪ್‌ಗಳ ಬಗ್ಗೆಯೂ ಎಚ್ಚರಿಕೆ ಬರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಆರ್8169 ಎಷ್ಟೋ ಸಲ ಫರ್ಮ್‌ವೇರ್ ಇಲ್ಲದೆಯೂ ಕುಂಟುತ್ತಾ ನಡೆಯುತ್ತದೆ. ಇಂಟೆಲ್ ವೈಫೈನ ಐಡಬ್ಲ್ಯುಎಲ್‌ವೈಫೈ ಡ್ರೈವರ್ ಹಾಗಲ್ಲ, ಏಳುವುದೇ ಇಲ್ಲ. ಆದರೆ ಅದು ಹೊಸ ಆವೃತ್ತಿಯಿಂದ ಹಳೆಯದರತ್ತ ಒಂದೊಂದಾಗಿ ಹುಡುಕುವುದರಿಂದ ಹಲವು -2 ಸಾಲುಗಳು ಬಂದರೂ ಕೊನೆಗೆ ಒಂದು ಲೋಡ್ ಆಗಿದ್ದರೆ ಸಾಕು.